ತೊಮಾಸಾಳ ಬಿಸಿಕಲ್ಲು

ಬಸ್ಸು ಹೊರಡುವ ಮುಂಚೆ ಹೆಂಡತಿ ಸೆನೈದಾ ಹೇಳಿದ ಮಾತು ಸೆಲೆರಿನೊನ ಹೊಟ್ಟೆಯಲ್ಲಿ ಬೇಯದ ಆಲೂಗೆಡ್ಡೆಯ ಹಾಗೆ ಕೂತುಬಿಟ್ಟಿತ್ತು.

"ತೊಮಾಸಾ ಈ ಊರಲ್ಲಿ ಬದುಕಿದ್ರೆ ನಾನೂ ಬದುಕ್ತೀನಿ. ಇಲ್ಲಾಂದ್ರೆ ಇಲ್ಲ. ಜಗಳ ಮಾಡ್ತಿಲ್ಲ ಸೆಲೆ, ಇದ್ದದ್ದು ಹೇಳ್ತಿದೀನಿ."

ಜಗಳ ಮಾಡಿದ್ದರೇ ಚೆನ್ನಾಗಿತ್ತು. ಜಗಳವಾದರೆ ಸಂಜೆಗೆ ಮುಗಿಯುತ್ತದೆ. ಇದು ಹಾಗಲ್ಲ. ಗಂಟು ಮಡಿಲಲ್ಲಿಟ್ಟುಕೊಂಡು, ಕಿಟಕಿಯಿಂದ ಕೈ ಬೀಸಿ, ನಗುತ್ತಲೇ ಹೇಳಿ ಹೋದ ಮಾತು.

ತೊಮಾಸಾ ಅಂದರೆ ಹಾವು. ಹೆಬ್ಬಾವಿನ ಜಾತಿ, ತೋಳಿನಷ್ಟು ದಪ್ಪ, ಮೈತುಂಬ ಕಂದು ಜಮಖಾನದ ಹಾಗೆ ಚಿತ್ತಾರ. ಸೆನೈದಾಳ ಊರು ಕೆಳಗೆ, ಸೆಕೆಯ ಸೀಮೆಯಲ್ಲಿ, ವೆಹೂತ್ಲಾದಲ್ಲಿ. ಅಲ್ಲಿಯವರು ಜೋಳದ ಉಗ್ರಾಣಕ್ಕೆ ಇಂಥ ಹಾವೊಂದನ್ನು ಬಿಟ್ಟುಕೊಳ್ಳುತ್ತಾರೆ. ಇಲಿ ಹೆಗ್ಗಣ ಹತ್ತಿರ ಸುಳಿಯುವುದಿಲ್ಲ, ಮನೆಯವರ ಗೊಡವೆಗೆ ಹಾವು ಬರುವುದಿಲ್ಲ. ಮೊದಲ ಗಂಡ ತೀರಿಕೊಂಡ ಮೇಲೆ ಜೋಳದ ವ್ಯಾಪಾರವನ್ನೆಲ್ಲ ಒಬ್ಬಳೇ ನಡೆಸಿದ ಸೆನೈದಾಳಿಗೆ ಮನೆಯಲ್ಲಿದ್ದ ಇನ್ನೊಂದು ಜೀವ ಅಂದರೆ ಅದೇ. ಸೆಲೆರಿನೊ ಮದುವೆಯ ಮಾತೆತ್ತಿದಾಗ ಅವಳು ಕೇಳಿದ್ದು ಚಿನ್ನವಲ್ಲ, ಬೆಳ್ಳಿಯಲ್ಲ, "ತೊಮಾಸಾಳೂ ಬರ್ತಾಳೆ, ಆಗುತ್ತಾ?" ಎಂದಷ್ಟೇ. ಐವತ್ತು ದಾಟಿದ ಬ್ರಹ್ಮಚಾರಿ! ಆನೆ ಬರುತ್ತದೆ ಅಂದಿದ್ದರೂ ಹೂಂ ಅನ್ನುತ್ತಿದ್ದ.

ಆದರೆ ನಮ್ಮ ರಿಯಾಲ್ ದೆಲ್ ಮೊಂತೆ ಬೆಟ್ಟದ ನೆತ್ತಿಯ ಮೇಲಿರುವ ಗಣಿಯ ಊರು. ಇಲ್ಲಿ ಮಧ್ಯಾಹ್ನವೇ ಮಂಜು ಬಾಗಿಲು ತಟ್ಟುತ್ತದೆ. ಮನೆಗಳಿಗೆ ತಗಡಿನ ಸೂರು, ಕಲ್ಲಿನ ಗೋಡೆ. ಕೋಣೆ ಬೆಚ್ಚಗಿಡುವ ಒಲೆಗಿಲೆ ಯಾರ ಮನೆಯಲ್ಲೂ ಇಲ್ಲ. ಚಳಿಯಾದರೆ ಇನ್ನೊಂದು ಕಂಬಳಿ, ಅದಕ್ಕೂ ಬಗ್ಗದಿದ್ದರೆ ಒಂದು ಗುಟುಕು ಮದ್ಯ. ನಾವೆಲ್ಲ ಹೀಗೇ ಬೆಳೆದವರು. ಚಳಿ ಅನ್ನುವುದು ದೂರು ಕೊಡುವ ವಿಷಯವೆಂದು ನಮಗೆ ಹೊಳೆದದ್ದೇ ಇಲ್ಲ.

ಬಂದ ದಿನದಿಂದ ತೊಮಾಸಾ ಒಂದು ಇಲಿಯನ್ನೂ ಮುಟ್ಟಲಿಲ್ಲ. ಸುರುಳಿ ಸುತ್ತಿ, ತಲೆಯನ್ನು ಮೈಯೊಳಗೆ ಹುದುಗಿಸಿ ಬಿದ್ದುಕೊಂಡಿತು. ಅದಕ್ಕೊಂದು ಮನೆ ಬೇಕಲ್ಲ, ಸೆಲೆರಿನೊ ತನ್ನ ಅಂಗಡಿಯ ಹಳೆಯ ಗಾಜಿನ ಪೆಟ್ಟಿಗೆಯನ್ನು ಹಿಂದಿನ ಕೋಣೆಗೆ ಸಾಗಿಸಿದ. ಅವನ ಅಪ್ಪ ಪಾಸ್ತೆ ಜೋಡಿಸಿಡುತ್ತಿದ್ದ ಪೆಟ್ಟಿಗೆ ಅದು. ಪಾಸ್ತೆ ಅಂದರೆ ಆಲೂಗೆಡ್ಡೆ, ಖೀಮಾ ತುಂಬಿ, ಕರಿಗಡುಬಿನ ಹಾಗೆ ಅಂಚು ಹೆಣೆದು ಒಲೆಯಲ್ಲಿ ಬೇಯಿಸಿದ್ದು. ನಮ್ಮೂರು ತಿನ್ನುವುದೂ ಅದನ್ನೇ, ಮಾರುವುದೂ ಅದನ್ನೇ. ಅಕ್ಕ ಲೆಯೊಕಾದಿಯಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮದುವೆಯ ಗೋಜಿಗೆ ಹೋಗದೆ ಅಂಗಡಿಯ ಗಲ್ಲಾದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ ಹೆಂಗಸು, ಅವಳ ಬಾಯಿಗೆ ಊರೇ ಹೆದರುತ್ತದೆ.

"ಅಪ್ಪ ಪಾಸ್ತೆ ಇಟ್ಟ ಜಾಗದಲ್ಲಿ ಹಾವಾ? ನಾಳೆ ಗಿರಾಕಿ ಬಂದು ಒಂದು ಡಜನ್ ಕೊಡಿ ಅಂದ್ರೆ ಏನ್ ಕೊಡ್ತೀಯೋ?"

"ಹಿಂದಿನ ಕೋಣೇಲಿ ಇರುತ್ತೆ ಅಕ್ಕ. ಒಲೆಮನೆಗೆ ಬರೋಲ್ಲ."

"ಬರಲಿ ನೋಡೋಣ. ಅದು ಒಳಗೆ, ನಾನು ಹೊರಗೆ."

ಹೀಗಾಗಿ ಊರಿನಲ್ಲೇ ಬೆಚ್ಚನೆಯ ಜಾಗವಾದ, ಪಾಸ್ತೆ ಬೇಯಿಸುವ ಒಲೆಮನೆ ತೊಮಾಸಾಳ ಪಾಲಿಗೆ ಮುಚ್ಚಿಹೋಯಿತು. ಅಷ್ಟರಲ್ಲಿ ಸತ್ತವರ ಹಬ್ಬ ಬಂತು. ಕೆಳಗಿನ ಸೀಮೆಯವರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಚೆಂಡುಹೂವಿನ ಕಮಾನು ಕಟ್ಟಬೇಕು, ತೀರಿಕೊಂಡವರಿಗೆ ಎಡೆ ಇಡಬೇಕು, ಸಮಾಧಿಯ ಹತ್ತಿರ ಕೂತು ಮನೆಯ ಸುದ್ದಿಯೆಲ್ಲ ಅವರಿಗೆ ಹೇಳಬೇಕು. ಸೆನೈದಾ ಹೋಗದೆ ಇರುವ ಪ್ರಶ್ನೆಯೇ ಇಲ್ಲ. ಬಸ್ಸಿನಲ್ಲಿ ಹಾವು ಹತ್ತಿಸುವುದಿಲ್ಲ. ಹೀಗೆ ಗಂಡನಿಗೆ ಹಾವನ್ನೂ ಆ ಮಾತನ್ನೂ ಒಪ್ಪಿಸಿ ಅವಳು ಹೊರಟಳು.

ಅವಳು ಹೋದದ್ದೇ ತಡ, ಉತ್ತರದ ಶೀತಗಾಳಿ ಬಂತು. ಜಿನುಗು ಮಳೆ, ಮಂಜು, ತಗಡಿನ ಮೇಲೆ ಇಡೀ ದಿನ ಟಪಟಪ. ಸೆಲೆರಿನೊ ಗಳಿಗೆಗೊಮ್ಮೆ ಕೈಯ ಹಿಟ್ಟು ಕೊಡವಿಕೊಂಡು ಹಿಂದಿನ ಕೋಣೆಗೆ ಓಡುತ್ತಿದ್ದ. ಗಾಜಿಗೆ ಮೂಗು ಒತ್ತಿ, ಮೈ ಉಬ್ಬಿ ಇಳಿಯುತ್ತದೆಯೇ ಎಂದು ನೋಡುತ್ತಿದ್ದ. ಹಾವಿನ ಉಸಿರೋ ಶುದ್ಧ ಸೋಮಾರಿ! ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು.

ಮೊದಲು ಬಂದದ್ದು ಬಲ್ಬು. ಎಲೆಕ್ಟ್ರಿಕ್ ಕೆಲಸ ಮಾಡುವ ಫಿದೆನ್ಸಿಯೊ ಅವನ ಬಾಲ್ಯದ ಗೆಳೆಯ, ಈಗ ಕೊಂಪಾದ್ರೆ, ಅಂದರೆ ಸೆಲೆರಿನೊ ಅವನ ಮಗಳಿಗೆ ಜ್ಞಾನಸ್ನಾನದ ಧರ್ಮಪಿತ. ಆತ ದೊಡ್ಡದೊಂದು ಕೆಂಪು ಬಲ್ಬು ತಂದು ಪೆಟ್ಟಿಗೆಯ ಮುಚ್ಚಳಕ್ಕೆ ತಗಲಿಸಿದ.

"ಮರಿಕೋಳಿಗೆ ಇದೇ ಹಾಕೋದು ಕಣಯ್ಯಾ. ಹಾವೇನು ಕೋಳಿಗಿಂತ ದೊಡ್ಡ ಮನುಷ್ಯನಾ?"

ಸಂಜೆಯಾಗುತ್ತಲೇ ಬೀದಿಯ ಎಲ್ಲ ಮನೆಗಳಲ್ಲೂ ದೀಪ, ಹಬ್ಬದ ಸರದೀಪ ಹತ್ತಿದವು. ಬಲ್ಬು ಮಂಕಾಗಿ, ಮಿಣುಕಿ, ಸತ್ತಿತು. ಜೊತೆಗೆ ಫ್ಯೂಸೂ ಹೋಯಿತು. ರಿಪೇರಿಯಾಗಿ ಉರಿದ ಹೊತ್ತಿಗೆ ಕೆಂಪು ಬೆಳಕು ಕಿಟಕಿಯಿಂದ ಬೀದಿಗೆ ಚೆಲ್ಲಿತು.

"ಹೆಂಡ್ತಿ ಊರಿಗೆ ಹೋಗಿದ್ದೇ ನೆಪ, ಮನೆಗೆ ಕೆಂಪು ದೀಪ ಹಾಕ್ದ್ನಾ ಅಂತ ಎದುರುಮನೆಯವಳು ಕೇಳಿದ್ಲು," ಎಂದು ಲೆಯೊಕಾದಿಯಾ ಮೂಗು ಮುರಿದಳು. "ಏನ್ ಹೇಳ್ಲಿ? ಒಳಗಿರೋದು ಹಾವು ಅನ್ನಲಾ?"

ಬಲ್ಬಿನ ಕೆಳಗೆ ತೊಮಾಸಾ ಇನ್ನೂ ಬಿಗಿಯಾಗಿ ಸುತ್ತಿಕೊಂಡಿತ್ತೇ ಹೊರತು ಅಲ್ಲಾಡಲಿಲ್ಲ. ಮಾರನೆಯ ದಿನ ಸೆಲೆರಿನೊ ಒಲೆಯನ್ನು ಅಕ್ಕನಿಗೆ ಬಿಟ್ಟು ಕೆಳಗಿನ ಪಟ್ಟಣ ಪಚೂಕಾಕ್ಕೆ ಇಳಿದ. ಸಾಕುಪ್ರಾಣಿಗಳ ಅಂಗಡಿಯಲ್ಲಿ, ಕಿವಿಯ ಅಂಚಿನುದ್ದಕ್ಕೂ ಓಲೆ ಚುಚ್ಚಿಸಿಕೊಂಡಿದ್ದ ಹುಡುಗಿ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟಳು. ತಳಕ್ಕೆ ಹಾಸುವ ಶಾಖದ ಚಾಪೆ. ಬೆಳಕೇ ಇಲ್ಲದೆ ಕಾಯುವ ಪಿಂಗಾಣಿ ಬಲ್ಬು. ಒಳಗೆ ತಂತಿ ಹುದುಗಿಸಿ ಬಂಡೆಯ ಹಾಗೆ ಮಾಡಿದ ಬಿಸಿಕಲ್ಲು, ಅದರ ವೈರಿನಲ್ಲಿ ಶಾಖ ಏರಿಸಿ ಇಳಿಸುವ ಪುಟ್ಟ ತಿರುಪು. ಪೆಟ್ಟಿಗೆ ಎಷ್ಟು ದೊಡ್ಡದು, ಮರದ್ದೋ ಗಾಜಿನದೋ, ಕೋಣೆ ಎಷ್ಟು ತಣ್ಣಗಿರುತ್ತೆ ಎಂದೆಲ್ಲ ಅವಳು ಕೇಳುತ್ತಾ ಹೋದಳು. ಸೆಲೆರಿನೊನಿಗೆ ತಲೆ ಚಿಟ್ಟು ಹಿಡಿಯಿತು. ಎಲ್ಲವೂ ಸರಿಯೆನಿಸಿತು, ಎಲ್ಲದರಲ್ಲೂ ತೊಮಾಸಾಳ ಸಾವೂ ಕಾಣಿಸಿತು. ಕಲ್ಲೊಂದು ಮಾತ್ರ ಅವನಿಗೆ ಅರ್ಥವಾಗುವ ವಸ್ತು. ಕಲ್ಲು ಕಾಯುತ್ತದೆ, ಕಾದ ಕಲ್ಲಿನ ಮೇಲೆ ಇಟ್ಟದ್ದು ಬೆಚ್ಚಗಾಗುತ್ತದೆ. ಅವನ ಒಲೆಯೂ ಅದೇ ಅಲ್ಲವೇ?

"ಇದೇ ಕೊಡಮ್ಮ."

"ಕಲ್ಲು ಅಷ್ಟು ಒಳ್ಳೇದಲ್ಲ ಅಂತಾರೆ ಸಾರ್. ತಗೊಳ್ಳೋದೇ ಆದ್ರೆ ಥರ್ಮಾಮೀಟರ್ ಜೊತೇಲಿ ತಗೊಳ್ಳಿ. ಅದಿಲ್ದೆ ಬೇಡ."

ಸೆಲೆರಿನೊ ಬಂದಾಗಿನಿಂದ ಮೊದಲ ಸಲ ನಕ್ಕ. ಎರಡೂ ಅಂಗೈ ಬಿಡಿಸಿ ಅವಳ ಮುಂದೆ ಹಿಡಿದ. "ಹುಟ್ಟಿದಾಗಿಂದ ಒಲೆ ಮುಂದೆ ಇರೋನು ನಾನು. ಒಲೆ ಬಾಯಿಗೆ ಈ ಕೈ ಹಿಡಿದ್ರೆ ಸಾಕು, ಪಾಸ್ತೆ ಹಾಕ್ಬೇಕೋ ಕಾಯ್ಬೇಕೋ ಹೇಳ್ಬಿಡ್ತೀನಿ. ಒಂದೇ ಒಂದು ತಳ ಸೀದಿಲ್ಲ. ನಂಗ್ಯಾಕಮ್ಮ ಥರ್ಮಾಮೀಟರ್?"

ಮಾತು ಸುಳ್ಳಲ್ಲ. ನಮ್ಮೂರಿನ ಒಲೆಗಾರರೆಲ್ಲ ಕೈಯಲ್ಲೇ ಶಾಖ ನೋಡುವವರು. ಯಂತ್ರ ನೋಡಿ ಬೇಯಿಸುವವನನ್ನು ನಾವು ಒಲೆಗಾರ ಅನ್ನುವುದೂ ಇಲ್ಲ. ಹುಡುಗಿ ಭುಜ ಕುಣಿಸಿ ಕಲ್ಲನ್ನು ಕಾಗದದಲ್ಲಿ ಸುತ್ತಿಕೊಟ್ಟಳು.

ಕಲ್ಲು ಇಟ್ಟ ದಿನ ಸೆಲೆರಿನೊ ಪೆಟ್ಟಿಗೆಯ ಮುಂದೆಯೇ ಮಂಡಿಯೂರಿದ. ಅಂಗೈ ಕಲ್ಲಿನ ಮೇಲಿಟ್ಟ. ತಣ್ಣಗಿತ್ತು. ತಿರುಪನ್ನು ಸ್ವಲ್ಪ ತಿರುಗಿಸಿದ. ಇನ್ನೂ ತಣ್ಣಗೆ. ಇನ್ನಷ್ಟು, ಇನ್ನಷ್ಟು. ಕೊನೆಗೆ ಅಂಗೈಗೆ ಉಗುರು ಬೆಚ್ಚನೆಯ ಹಾಲು ಮುಟ್ಟಿದ ಹಾಗೆ ಅನಿಸಿತು. "ಇದು ಸರಿ" ಎಂದು ತನಗೆ ತಾನೇ ಹೇಳಿಕೊಂಡ. ಸ್ವಲ್ಪ ಹೊತ್ತಿನಲ್ಲಿ ತೊಮಾಸಾ ತಲೆ ಎತ್ತಿತು. ನಾಲಿಗೆ ಚಾಚಿತು. ನಿಧಾನವಾಗಿ ಹರಿದು ಬಂದು ಕಲ್ಲಿನ ಮೇಲೆ ಮೈ ಚೆಲ್ಲಿತು. ಅಬ್ಬಾ, ಸೆಲೆರಿನೊನ ಕಣ್ಣು ತುಂಬಿ ಬಂತು! ಒಲೆಮನೆಗೆ ಓಡಿ ಅಕ್ಕನನ್ನು ಅಪ್ಪಿಕೊಂಡ, ಅವಳ ಬಟ್ಟೆಯೆಲ್ಲ ಹಿಟ್ಟಾಯಿತು, ಬೈಸಿಕೊಂಡ.

ಫೋನಿನಲ್ಲಿ ಹೆಂಡತಿಗೆ ಹೇಳಿದ, "ರಾಣಿ ಹಾಗೆ ಮಲಗಿದಾಳೆ ಕಣೇ. ಕಲ್ಲು ಬಿಟ್ಟು ಇಳಿಯೋದೇ ಇಲ್ಲ."

"ಇಳಿಯೋದೇ ಇಲ್ವಾ?" ಎಂದಳು ಸೆನೈದಾ ಅತ್ತ ಕಡೆಯಿಂದ. "ಆಕಡೆ ಈಕಡೆ ಓಡಾಡ್ತಿದ್ಲಲ್ಲ ನಮ್ಮೂರಲ್ಲಿ."

"ಸುಖವಾಗಿದಾಳೆ, ಅದಕ್ಕೆ."

ಅಷ್ಟು ಹೇಳಿ ಫೋನು ಇಟ್ಟನೇನೋ ನಿಜ, ಅವಳ ಪ್ರಶ್ನೆ ಕಿವಿಯಲ್ಲೇ ಉಳಿಯಿತು. ಹೋಗಿ ಮತ್ತೆ ಕಲ್ಲು ಮುಟ್ಟಿದ. ಬೆಚ್ಚಗಿತ್ತು. ಚಳಿ ಹೆಚ್ಚಾದ ದಿನ ಮುಟ್ಟಿದಾಗ ಶಾಖ ಸಾಲದೆನಿಸಿ ತಿರುಪನ್ನು ಕೂದಲೆಳೆಯಷ್ಟು ಏರಿಸಿದ. ಹಬ್ಬ ಮುಗಿಯುವ ಹೊತ್ತಿಗೆ ಅಂಥ ಕೂದಲೆಳೆಗಳು ಬೇಕಾದಷ್ಟು ಕೂಡಿಬಿಟ್ಟಿದ್ದವು.

ಲೆಯೊಕಾದಿಯಾ ಅಪ್ಪ ಅಮ್ಮನ ಎಡೆಯ ಹೂ ತೆಗೆಯುತ್ತಿದ್ದ ಬೆಳಿಗ್ಗೆ ಸೆಲೆರಿನೊ ನೀರಿನ ಬಟ್ಟಲು ಬದಲಿಸಲು ಗಾಜು ಸರಿಸಿದ. ತೊಮಾಸಾ ಮೈ ಹೊರಳಿಸಿತು. ಹೊಟ್ಟೆಯ ಬಿಳಿ ಚರ್ಮದ ಮೇಲೆ ಕಂದು ಕಲೆ. ಸುತ್ತ ಕೆಂಪು. ಒಂದು ಕಡೆ ಚರ್ಮ ಎದ್ದು ನೀರು ತುಂಬಿಕೊಂಡಿತ್ತು. ಒಲೆಗಾರನಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಲೆಮನೆಯತ್ತ ಕೂಗಿದ.

"ಅಕ್ಕಾ! ಸುಟ್ಟುಬಿಟ್ಟಿದೆ ಅಕ್ಕಾ!"

ಪಾಸ್ತೆ ಸೀದವೆಂದುಕೊಂಡು ಓಡಿ ಬಂದ ಲೆಯೊಕಾದಿಯಾ ಬಾಗಿಲಲ್ಲೇ ನಿಂತಳು. ಹಾವನ್ನು ನೋಡಿದಳು, ತಮ್ಮನ ಮುಖ ನೋಡಿದಳು. ಪಾಸ್ತೆ ಒಯ್ಯುವ ದೊಡ್ಡ ಬುಟ್ಟಿಗೆ ತಾನೇ ಬಟ್ಟೆ ಹಾಸಿ, "ಪಚೂಕಾದ ಪ್ರಾಣಿ ಡಾಕ್ಟರಮ್ಮನ ಹತ್ರ ಓಡು" ಎಂದಳು.

ಪಚೂಕಾಕ್ಕೆ ಇಳಿಯುವ ವ್ಯಾನು ಭರ್ತಿಯಾಗಿತ್ತು. ಸೆಲೆರಿನೊ ಬುಟ್ಟಿಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ತನ್ನ ಕೋಟು ಹೊದಿಸಿ, ಎರಡೂ ಕೈಯಲ್ಲಿ ಅಪ್ಪಿ ಕೂತ. ಪಕ್ಕದ ದಪ್ಪನೆಯ ಹೆಂಗಸು ಬುಟ್ಟಿ ನೋಡಿ ಮೂಗರಳಿಸಿದಳು.

"ಯಾವ್ದು ಸೆಲೆರಿನೊ ಅಣ್ಣಾ? ಆಲೂನಾ, ಬೀನ್ಸಾ?"

"ಇದು... ಮಾರೋದಲ್ಲ ತಾಯಿ."

"ಅಯ್ಯೋ, ಒಂದು ಕೊಟ್ರೆ ಏನ್ ಹೋಗುತ್ತೆ? ಬಿಸಿಬಿಸಿ ಇರೋ ಹಾಗಿದೆ."

"ಬಿಸಿ" ಅನ್ನುವ ಮಾತಿಗೆ ಅವನು ಬುಟ್ಟಿಯನ್ನು ಇನ್ನಷ್ಟು ಅವಚಿಕೊಂಡ. ಹೆಂಗಸು "ಜಿಪುಣ" ಎಂದು ಗೊಣಗಿ ಕಿಟಕಿಯತ್ತ ತಿರುಗಿದಳು. ತಿರುವು ತಿರುವಿಗೂ ಬುಟ್ಟಿಯೊಳಗೆ ಭಾರ ಮೆಲ್ಲಗೆ ಜರುಗುತ್ತಿತ್ತು. ಜರುಗಿದಾಗೆಲ್ಲ ಬದುಕಿದೆ, ಬದುಕಿದೆ ಎಂದು ಒಳಗೊಳಗೇ ಹೇಳಿಕೊಂಡ. ವೆಹೂತ್ಲಾದ ಬಸ್ಸು ಬರುವುದು ಮಾರನೆಯ ದಿನ. ಏನೆಂದು ಹೇಳುವುದು ಅವಳಿಗೆ?

ಡಾಕ್ಟರ್ ಇರಾಸೆಮಾ ಸಣ್ಣ ದನಿಯ, ಗಟ್ಟಿ ಕೈಯ ಹೆಂಗಸು. ಗಾಯ ತೊಳೆದು, ಮುಲಾಮು ಹಚ್ಚಿ, ಕಲ್ಲನ್ನೂ ತಂದಿದ್ದೀರಾ ಎಂದಳು. ತಂದಿದ್ದ. ಅಕ್ಕನೇ ಬುಟ್ಟಿಯ ಮೂಲೆಗೆ ತುರುಕಿದ್ದಳು.

"ಮನೇಲಿ ತಿರುಪು ಎಲ್ಲಿತ್ತೋ ಅಲ್ಲಿಗೇ ಇಡಿ" ಎಂದು ಕರೆಂಟಿಗೆ ಹಾಕಿದಳು. ಕಾದ ಮೇಲೆ ಕೇಳಿದಳು, "ಈಗ ಕೈ ಇಟ್ಟು ಹೇಳಿ, ಹೇಗಿದೆ?"

ಸೆಲೆರಿನೊ ಅಂಗೈ ಪೂರ್ತಿ ಇಟ್ಟ. "ಉಗುರು ಬೆಚ್ಚಗಿದೆ."

"ತೋಳು ಮಡಚೋ ಜಾಗ ಇದೆಯಲ್ಲ, ಅದನ್ನ ಇಡಿ."

ತೋಳು ತಾಗಿಸಿದ ಮರುಕ್ಷಣ "ಅಮ್ಮಾ!" ಎಂದು ಹಿಂದಕ್ಕೆ ಹಾರಿದ. ಮೊಣಕೈಯ ಒಳಬದಿ ಕೆಂಪಗಾಯಿತು. ಡಾಕ್ಟರು ಕಲ್ಲಿಗೆ ಥರ್ಮಾಮೀಟರ್ ಒತ್ತಿ ತೋರಿಸಿದಳು. ಹಾವಿಗೆ ಬೇಕಾದದ್ದಕ್ಕಿಂತ ಎಷ್ಟೋ ಮೇಲೆ.

"ನಿಮ್ಮ ಅಂಗೈ ಸತ್ತುಹೋಗಿದೆ ಸೆಲೆರಿನೊ ಅವರೇ. ಇಷ್ಟು ವರ್ಷ ಕಾದ ತಟ್ಟೆ ಹಿಡಿದ ಕೈ. ಒಲೆಯ ಬೆಂಕಿ ಗೊತ್ತಾಗುತ್ತೆ ಅದಕ್ಕೆ, ಅದಕ್ಕಿಂತ ಕೆಳಗಿನದು ಯಾವುದೂ ಗೊತ್ತಾಗೋಲ್ಲ."

"ಮತ್ತೆ ಅದು ಇಳಿದು ಹೋಗ್ಬಾರ್ದಿತ್ತಾ? ಸುಡ್ತಿದ್ರೂ ಮಲಗೇ ಇತ್ತಲ್ಲ!"

"ಸುತ್ತ ಎಲ್ಲ ಚಳಿ. ಬೆನ್ನು ಮರಗಟ್ಟಿದೆ, ಬೆಚ್ಚಗೆ ಸಿಗೋದು ಅದೊಂದೇ ಜಾಗ. ಹೊಟ್ಟೆ ಸುಡೋದು ಅದಕ್ಕೆ ಬೇಗ ತಿಳಿಯೋದಿಲ್ಲ. ಎಲ್ಲಿಗೆ ಹೋಗುತ್ತೆ ಪಾಪ?"

ಸೆಲೆರಿನೊ ಕುರ್ಚಿಯಲ್ಲಿ ಕುಸಿದು ಅತ್ತ. ಗಂಡಸು, ಬಿಳಿ ಮೀಸೆಯವನು, ಬೆಕ್ಕು ನಾಯಿ ಹಿಡಿದು ಕೂತವರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಡಾಕ್ಟರು ಅಳು ನಿಲ್ಲುವವರೆಗೆ ಕಾದು, ಗಾಯ ಆಳಕ್ಕಿಳಿದಿಲ್ಲ, ನಂಜಾಗದಿದ್ದರೆ ಬದುಕುತ್ತದೆ, ಪೊರೆ ಬಿಡುವಾಗ ಗೊತ್ತಾಗುತ್ತದೆ ಅಂದಳು. ಪಿಂಗಾಣಿ ಬಲ್ಬನ್ನು ಮೇಲಿನಿಂದ ತೂಗುಹಾಕಬೇಕು, ಹಾವು ಮುಟ್ಟದ ಹಾಗೆ ಸುತ್ತ ತಂತಿಬಲೆ ಇರಬೇಕು, ಶಾಖ ಹೆಚ್ಚಾದರೆ ತಾನೇ ಆರಿಸುವ ಸಾಧನ ಜೋಡಿಸಬೇಕು, ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿ. ಅವನು ಒಂದೊಂದನ್ನೂ ಬಾಯಲ್ಲಿ ಮತ್ತೆ ಹೇಳಿ ಕಲಿತ. ವಾಪಸು ಬರುವಾಗ ಎಲ್ಲವನ್ನೂ ಕೊಂಡ. ಥರ್ಮಾಮೀಟರನ್ನೂ ಕೊಂಡ. ಓಲೆಯ ಹುಡುಗಿಯೇ ಕಟ್ಟಿಕೊಟ್ಟಳು.

ಆ ಸಂಜೆ ಫಿದೆನ್ಸಿಯೊ ಬಲೆ ಹೆಣೆದು, ಪೆಟ್ಟಿಗೆಗೆ ಬೇರೆಯೇ ವೈರು ಎಳೆದುಕೊಟ್ಟ. ಮರಿಕೋಳಿಯ ಮಾತೆತ್ತಲಿಲ್ಲ. ತೊಮಾಸಾ ಬಲ್ಬಿನ ಕೆಳಗೆ ಸ್ವಲ್ಪ ಹೊತ್ತು ಇತ್ತು, ಆಮೇಲೆ ಎದ್ದು ಆಚೆ ಬದಿಗೆ ಹರಿಯಿತು. ಅದು ಓಡಾಡಿದ್ದು ನೋಡಿ ಸೆಲೆರಿನೊನಿಗೆ ಸಮಾಧಾನವಾಗಬೇಕಿತ್ತು. ಆದರೆ ಹೊಟ್ಟೆಯ ಮೇಲಿನ ಮುಲಾಮು ಕಣ್ಣಿಗೆ ಬೀಳುತ್ತಲೇ ಇತ್ತು.

"ಇಲಿ ಕಚ್ತು ಅನ್ನು" ಎಂದಳು ಲೆಯೊಕಾದಿಯಾ, ಮಾರನೆಯ ದಿನ ಬಸ್ಸಿನ ಹೊತ್ತಿಗೆ. ದನಿ ಮೆತ್ತಗಿತ್ತು. "ತಿನ್ನೋಕೆ ಬಿಟ್ಟಿದ್ದೆ, ತಿರುಗಿ ಕಚ್ತು ಅನ್ನು. ಅವಳಿಗೂ ಗೊತ್ತು, ಇಲಿಗಳು ಹಾಗೆ ಮಾಡ್ತವೆ. ನಿನ್ನ ಸಂಸಾರ ನಿಂತ್ರೆ ಸಾಕಪ್ಪ ನಂಗೆ."

ಅವನು ಅದನ್ನೇ ಬಾಯಿಪಾಠ ಮಾಡಿದ. ಇಲಿ ಕಚ್ತು, ಇಲಿ ಕಚ್ತು.

ಸೆನೈದಾ ಬಾಳೆಎಲೆಯಲ್ಲಿ ಕಟ್ಟಿದ ಹಬ್ಬದ ಊಟದ ಗಂಟನ್ನು ಮೇಜಿನ ಮೇಲಿಟ್ಟವಳೇ ಶಾಲನ್ನೂ ತೆಗೆಯದೆ ಗಾಜಿನ ಪೆಟ್ಟಿಗೆಯ ಹತ್ತಿರ ಹೋದಳು. ಬಗ್ಗಿದಳು. ಹೊಟ್ಟೆಯ ಗಾಯ ಕಂಡಿತು.

"ಏನಾಯ್ತು ಸೆಲೆ?"

"ನಾನು ಸುಟ್ಟೆ" ಅಂದುಬಿಟ್ಟ.

ಆಮೇಲೆ ತಡೆಯಲಿಲ್ಲ. ಕಲ್ಲು, ತಿರುಪು, ಹುಡುಗಿ ಬೇಡವೆಂದದ್ದು, ತಾನು ಅಂಗೈ ತೋರಿಸಿ ಜಂಬ ಕೊಚ್ಚಿದ್ದು, ಡಾಕ್ಟರು ಹೇಳಿದ್ದು, ಎಲ್ಲ ಹೇಳಿದ. ಹೇಳಿ ಮುಗಿಸಿ, ಊಟದ ಗಂಟನ್ನು ಅವಳು ಬಿಚ್ಚದೇ ಇರುವುದನ್ನು ನೋಡುತ್ತಾ ನಿಂತ. ಬೈದರೆ ಸಾಕಪ್ಪಾ, ಬೈದರೆ ಸಾಕು.

"ಕೈ ತೋರ್ಸು" ಎಂದಳು ಸೆನೈದಾ.

ತೋರಿಸಿದ. ಅವಳು ಅಂಗೈಯ ನಡುವೆ ಉಗುರು ಒತ್ತಿದಳು. "ಗೊತ್ತಾಗುತ್ತಾ?"

"ಏನೋ ತಾಗಿದ ಹಾಗೆ."

ಅವಳು ಮಂಚದ ಅಂಚಿನಲ್ಲಿ ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

"ಮದುವೆ ಆದಾಗಿಂದ ಮಲಗೋವಾಗ ನನ್ನ ಕೈ ನಿನ್ನ ಕೈಯೊಳಗೆ ಇಡ್ತಿದ್ದೆ, ನೆನಪಿದೆಯಾ? ಮಂಜುಗಡ್ಡೆ ಆಗಿರ್ತಿತ್ತು ಸೆಲೆ. ಚಳಿನಾ ಅಂತ ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ಕಾಯ್ತಿದ್ದೆ. ನೀನು ಮೆತ್ತಗೆ ಹಿಡ್ಕೊಂಡು ನಿದ್ದೆ ಹೋಗ್ತಿದ್ದೆ. ಇವನಿಗೆ ಗೊತ್ತು, ಗೊತ್ತಿದ್ರೂ ಸುಮ್ಮನಿದಾನೆ ಅಂದ್ಕೊಂಡೆ."

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ನಿಮ್ಮಕ್ಕ ಮೊದಲನೇ ದಿನಾನೇ, ಕೆಳಗಿನವರು ನಮ್ಮ ಚಳಿ ತಡೆಯೋಲ್ಲ, ಓಡಿ ಹೋಗ್ತಾರೆ ಅಂದ್ಲು. ನಂಗೂ ಹಠ ಬಂತು. ನನ್ನ ಚಳೀನ ತೊಮಾಸಾಳ ಹೆಸರಲ್ಲಿ ಹೇಳ್ದೆ. ನೀನು ಹಾವಿಗೆ ಬಲ್ಬು ತಂದೆ, ಕಲ್ಲು ತಂದೆ. ಅಲ್ಲಿ ಅಮ್ಮನ ಸಮಾಧಿ ಹತ್ರ ಕೂತು ಹೇಳೇಬಿಟ್ಟೆ, ಜನವರಿಗೆ ನಮ್ಮೂರಿಗೇ ವಾಪಸ್ ಬಂದ್ಬಿಡ್ತೀನಿ ಅಂತ."

ಸೆಲೆರಿನೊ ಅವಳ ಪಕ್ಕ ಕೂತ. ಅವಳ ಕೈ ಹಿಡಿದ. ಎಂದಿನಂತೆ ಏನೂ ತಿಳಿಯಲಿಲ್ಲ. ಆ ಕೈಯನ್ನು ಎತ್ತಿ ತನ್ನ ಕತ್ತಿಗೆ, ಕಿವಿಯ ಕೆಳಗೆ, ಒತ್ತಿಕೊಂಡ. ಬೆನ್ನಿನುದ್ದಕ್ಕೂ ಚಳಿ ಇಳಿಯಿತು. ಇಷ್ಟು ತಣ್ಣಗಿನ ಕೈ ಪಕ್ಕದಲ್ಲಿಟ್ಟುಕೊಂಡು ತಾನು ಸುಖವಾಗಿ ಗೊರಕೆ ಹೊಡೆದೆನಲ್ಲ ಎಂದು ನಾಚಿಕೆಯಿಂದ ಹಿಡಿಯಾದ. ಇನ್ನೊಂದು ಕೈಯನ್ನೂ ತೆಗೆದು ಕತ್ತಿನ ಆಚೆ ಬದಿಗೆ ಒತ್ತಿಕೊಂಡ.

"ನಿಂಗೆ ಚಳಿ ಆಗುತ್ತಾ ಸೆನೈದಾ?"

"ಬಂದ ದಿನದಿಂದ" ಎಂದಳು ಅವಳು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.